ಕೊಪ್ಪರಿಗೆಯ ಇನ್ನೊಂದು ಹಿಡಿ

ತೇಲುಕೇರಿ, ಬೇಲೆಕೊಪ್ಪ
ಏರಿಕೆಯ ನೂರಾ ಹನ್ನೊಂದನೆಯ ವರ್ಷ, ಉಪ್ಪುಮಾಸದ ಮೂವತ್ತನಾಲ್ಕನೆಯ ದಿನ

ಹೊನ್ನಮ್ಮಜ್ಜಿಗೆ, ನಿಮ್ಮ ಮರಿಮಗಳ ಮೊಮ್ಮಗಳು ಶರಾವತಿ ಮಾಡುವ ನಮಸ್ಕಾರ.

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಬೈಯಬೇಡಿ. ಏರಿಕೆ ಎಂದರೆ ಕಡಲು ಊರೊಳಗೆ ಬಂದು ವಾಪಸ್ಸು ಹೋಗದೆ ಉಳಿದದ್ದು. ಅಲ್ಲಿಂದ ನಾವು ವರ್ಷ ಎಣಿಸುತ್ತೇವೆ. ತೇಲುಕೇರಿ ಎಂದರೆ ಪೀಪಾಯಿಗಳ ಮೇಲೆ ಕಟ್ಟಿದ ಬೀದಿ. ಬೆಳಿಗ್ಗೆ ಕಡಲಿನ ಭರತ ಉಕ್ಕಿ ಬಂದಾಗ ಇಡೀ ಬೀದಿ ಮೇಲೇಳುತ್ತದೆ, ಚಹಾ ಲೋಟ ಹಿಡಿದವರು ಅಭ್ಯಾಸಬಲದಿಂದ ಮೊಣಕಾಲು ಬಗ್ಗಿಸುತ್ತಾರೆ. ಈ ಕಾಗದ ಬರುವುದು ಹಿನ್ನೀರಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹರಿಯುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನದನ್ನು ನಿಮಗೆಂದೇ ಇಟ್ಟುಕೊಂಡಿದ್ದೆ.

ನಾಳೆ, ಸತ್ಯಾಗ್ರಹದ ಹೆಸರು ಹೇಳಿಕೊಂಡು ಗುಂಪು ಕಟ್ಟಿದ ಆ ಉಪ್ಪಿನ ಪಡೆಯವರು ನಿಮ್ಮ ಬಾಗಿಲಿಗೆ ಬರುತ್ತಾರೆ. ಉಪ್ಪಿನ ಸತ್ಯಾಗ್ರಹದಲ್ಲಿ ನಿಮ್ಮ ಅಜ್ಜಿ ಬೀರಮ್ಮ ಸಮುದ್ರದ ನೀರು ಕಾಯಿಸಿದ ಕೊಪ್ಪರಿಗೆ ನಿಮ್ಮ ಮನೆಯಲ್ಲಿದೆಯಲ್ಲ, ಅದನ್ನು ಮೆರವಣಿಗೆಯ ಮುಂದೆ ಒಯ್ಯಬೇಕಂತೆ. ಮೆರವಣಿಗೆ ಹೋಗುವುದು ಮಸೀದಿಕೇರಿಗೆ. ಬೀರಮ್ಮ ಪರದೇಶದ ಸರಕಾರಕ್ಕೆ ಹೇಳಿದ ‘ತೊಲಗಿ’ ಎಂಬ ಮಾತನ್ನು, ಬಾಲವಾಡಿಯಿಂದ ನಿಮ್ಮ ಜೊತೆ ಬೆಳೆದ, ಒಣಮೀನು ಮಾರುವ ಹಲೀಮಾಳಿಗೆ ಹೇಳುವುದಕ್ಕೆ. ಎಂಥ ಧೈರ್ಯ ನೋಡಿ ಇವರದು. ಸತ್ತವರು ಎದ್ದು ಬಂದು ಕಪಾಳಕ್ಕೆ ಬಾರಿಸುವುದಿಲ್ಲ ಎಂಬ ಧೈರ್ಯ.

ನಿಮ್ಮ ಅಂಗಳದೆದುರಿನ ಬಸ್‌ಸ್ಟ್ಯಾಂಡಿನಲ್ಲಿ ಅವರು ಕಟ್ಟಿದ ಬ್ಯಾನರನ್ನು ನೀವು ನೋಡಿದ್ದೀರಿ. ಅದಕ್ಕೆ ಬಳಸಿದ ಸತ್ಯಾಗ್ರಹದ ಹಳೆಯ ಫೋಟೋದಲ್ಲಿ ಕೊಪ್ಪರಿಗೆಯ ಒಂದು ಹಿಡಿ ಬೀರಮ್ಮನ ಕೈಯಲ್ಲಿತ್ತು, ಇನ್ನೊಂದು ಹಲೀಮಾಳ ಅಜ್ಜಿ ಖತೀಜಾಬಿಯ ಕೈಯಲ್ಲಿ. ಲಾಠಿ ಬಿದ್ದರೂ ಇಬ್ಬರೂ ಬಿಟ್ಟಿರಲಿಲ್ಲ. ಪಡೆಯವರು ಬ್ಯಾನರಿನಲ್ಲಿ ಖತೀಜಾಬಿಯನ್ನು ಅಳಿಸಿದರು. ಕೈಯನ್ನೂ ಅಳಿಸಿದರೆ ಕೊಪ್ಪರಿಗೆ ಗಾಳಿಯಲ್ಲಿ ನೇತಾಡುತ್ತದೆ, ಹಾಗಾಗಿ ಕೈಯೊಂದನ್ನು ಬಿಟ್ಟರು. ಮೊಣಕೈತನಕ ಬಳೆ ತೊಟ್ಟ ಕೈ, ಅದರ ಹಿಂದೆ ಮನುಷ್ಯರೇ ಇಲ್ಲ. ನಿಮ್ಮ ಕತೆಯ ಈ ಭಾಗ ಹೇಳುವಾಗ ನಮ್ಮ ಮಕ್ಕಳು ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ನಿಮಗೆ ನಗು ಬರುತ್ತಿಲ್ಲ, ಗೊತ್ತು. ಹಲೀಮಾ ನಿನ್ನೆ ನಿಮ್ಮಲ್ಲಿಗೆ ಬಂದು ಹೇಳಿದ ಮಾತು ನಮ್ಮ ಮನೆಯಲ್ಲಿ ಇನ್ನೂ ಬಾಯಿಂದ ಬಾಯಿಗೆ ಬರುತ್ತಿದೆ: “ಹೊನ್ನಕ್ಕ, ನೀ ಹೊರಗೆ ಬರೂದ್ ಬ್ಯಾಡ. ನಾ ಅಂಗಡಿ ಮುಚ್ಚಿ ಮಗಳ ಮನೆಗೆ ಹೋಗ್ತೆ.” ಹೋದರೆ ಅವಳು ತಿರುಗಿ ಬರುವುದಿಲ್ಲ. ಅವಳ ಹಿಂದೆ ಇಡೀ ಕೇರಿ ಹೋಗುತ್ತದೆ. ನೀವು ಹೆದರಿದ್ದೀರಿ. ಹೆದರಿಕೊಂಡೇ ಮಾಡಿದಿರಿ ಎಂದು ನಮ್ಮ ಕತೆಯಲ್ಲಿದೆ, ಅದಕ್ಕೇ ನೀವೆಂದರೆ ನನಗೆ ಪ್ರೀತಿ.

ನಿಮಗೆ ನಾಳೆ, ನಮಗೆ ಹಳೆಯ ಕತೆ, ಹೇಳಿಬಿಡುತ್ತೇನೆ. ನೀವು ಕೊಪ್ಪರಿಗೆಯನ್ನು ಅಂಗಳಕ್ಕೆ ಎಳೆದು ತಂದಿರಿ, ಒಂದು ಹಿಡಿ ಎತ್ತಿ ಹಿಡಿದಿರಿ, ಬ್ಯಾನರಿನ ಕಡೆ ನೋಡಿ “ಆ ಬದಿ ಕೈ ಯಾರದ್ರೋ?” ಎಂದು ಕೇಳಿದಿರಿ. ಎಲ್ಲರೂ ತಲೆಯೆತ್ತಿ ನೋಡಿದರು. ಮೊದಲು ನಕ್ಕದ್ದು ಹೂ ಮಾರುವವಳಂತೆ, ಆಮೇಲೆ ಊರೇ ನಕ್ಕಿತು. ಸಂಜೆಯೊಳಗೆ ಅದೇ ಪ್ರಶ್ನೆ ಗೋಡೆ ಗೋಡೆಯ ಮೇಲಿತ್ತು. ಮೆರವಣಿಗೆ ನಿಮ್ಮ ಅಂಗಳ ದಾಟಲಿಲ್ಲ. ಈಗ ಉಪ್ಪಿನ ಪಡೆ ಎಂದರೆ ಮಕ್ಕಳ ಪರೀಕ್ಷೆಯಲ್ಲಿ ಬರುವ ಪ್ರಶ್ನೆ, ಅದೂ ಸುಮಾರು ಮಕ್ಕಳು ಬಿಟ್ಟುಬಿಡುವ ಪ್ರಶ್ನೆ. ಮಸೀದಿಕೇರಿಯೂ ಈಗ ನಮ್ಮ ಪಕ್ಕದಲ್ಲೇ ತೇಲುತ್ತಿದೆ. ಇವತ್ತು ನಮ್ಮಲ್ಲಿ ಕೈಹಬ್ಬ. ಒಂದು ಕೇರಿಯವರು ಕೊಪ್ಪರಿಗೆಯ ಒಂದು ಬದಿ ಹಿಡಿದು ನಿಲ್ಲಬೇಕು, ಇನ್ನೊಂದು ಕೇರಿಯವರು ಬಂದು ಕೈಹಾಕುವ ತನಕ ಒಲೆ ಹೊತ್ತಿಸುವ ಹಾಗಿಲ್ಲ. ಆಮೇಲೆ ಕಾಯಿಸಿದ ಉಪ್ಪಿನಲ್ಲೇ ಊರಿಗೆಲ್ಲ ಊಟ.

ಅಜ್ಜೀ, ಒಂದೇ ಬೇಡಿಕೆ. ನಾಳೆ ಇನ್ನೊಂದು ಹಿಡಿಯನ್ನು ಖಾಲಿ ಬಿಡಿ. ಪಡೆಯವರು ಹಿಡಿಯಲು ಬಂದರೆ ಗದರಿಸಿ. ತೋಳು ಸೋತರೂ ಕೆಳಗಿಡಬೇಡಿ. ಹಲೀಮಾ ಮಗಳ ಮನೆಗೆ ಹೋಗಿಲ್ಲ, ಕೇರಿಯ ತಿರುವಿನಿಂದ ಬರುತ್ತಿದ್ದಾಳೆ. ಅವಳಿಗೆ ಮಂಡಿನೋವು, ಸ್ವಲ್ಪ ತಡವಾಗುತ್ತದೆ.