ಬಿಸಿಯಾದರೆ ಜಾರುವ ಗೇರು

ಜುಲೈ ೧೯, ಶನಿವಾರ

ಅಣ್ಣಾ,

ಮನೆಯಲ್ಲಿ ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಫೋನು ಎತ್ತಲಿಲ್ಲ ಅಂತ ಬೇಜಾರಾಗಿರಬೇಕು. ಎತ್ತಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಮೂರು ವಾರ ತಡೆದುಕೊಂಡು ಇವತ್ತು ಬರೆಯಲು ಕೂತಿದ್ದೇನೆ.

ನೀನು ನನಗೆ ಮಾರಿದ ಕಾರು ಕೈಕೊಟ್ಟಿತು. ಹೊಲಿದ ಯೂನಿಫಾರ್ಮ್ ಗಂಟುಗಳನ್ನು ಹಿಂದಿನ ಸೀಟಿಗೆ ತುಂಬಿಕೊಂಡು ಶಾಲೆಗೆ ಕೊಡಲು ಹೊರಟಿದ್ದೆ. ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ತೆವಳಿ ಮೇಲ್ಸೇತುವೆಯ ಏರು ಹತ್ತುವಾಗ ಎಂಜಿನ್ ಕಿರುಚಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಹಿಂದಕ್ಕೆ ಜಾರಿತು. ಬ್ರೇಕು ತುಳಿಯುವಷ್ಟರಲ್ಲಿ ಹಿಂದಿದ್ದ ಸ್ಕೂಟರಿಗೆ ಬಡಿಯಿತು. ಸ್ಕೂಟರಿನವರು ಕ್ಷೌರದಂಗಡಿ ಇಟ್ಟವರು. ಬಲಗೈ ಮಣಿಕಟ್ಟು ಮುರಿಯಿತು. "ಕತ್ತರಿ ಹಿಡಿಯೋ ಕೈಯಮ್ಮಾ ಇದು" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಈಗ ಆ ಮುಚ್ಚಿದ ಅಂಗಡಿ ಇರುವ ಬೀದಿ ತಪ್ಪಿಸಿ ಓಡಾಡುತ್ತೇನೆ.

ಆಟೋಮ್ಯಾಟಿಕ್ಕೇ ಬೇಕು ಅಂದದ್ದು ನಾನೇ, ನಿಜ. ಆಪರೇಷನ್ ಆದಮೇಲೆ ಈ ಎಡಗಾಲು ಕ್ಲಚ್ ತುಳಿಯಲಾರದು. "ನಾಲ್ಕು ವರ್ಷ ನಾನೇ ಓಡಿಸಿದ್ದು, ಕಣ್ಣು ಮುಚ್ಚಿ ತಗೋ" ಅಂತ ನೀನು ಹೇಳಿದೆ. ಕಣ್ಣು ಮುಚ್ಚಿಯೇ ತಗೊಂಡೆ.

ಗೇರ್‌ಬಾಕ್ಸ್ ರಿಪೇರಿಯ ಮೇಸ್ತ್ರಿ ಹತ್ತಿರ ಎಳೆಸಿಕೊಂಡು ಹೋದೆ. "ಹಳೇ ಸಣ್ಣ ಕಾರುಗಳಲ್ಲಿ ಆಟೋಮ್ಯಾಟಿಕ್ ಅಂದ್ರೆ ಎಲ್ಲಾ ಕೆಟ್ಟದ್ದೇನಲ್ಲಮ್ಮ. ಸಮಯಕ್ಕೆ ಆಯಿಲ್ ಬದಲಿಸಿದ್ರೆ ಬಾಳ್ತವೆ. ಇದರ ಒಳಗಿನ ಬೆಲ್ಟು ಸವೆದುಹೋಗಿದೆ. ತಣ್ಣಗಿದ್ದಾಗ ಬೆಣ್ಣೆ ಥರ ಓಡುತ್ತೆ, ಬಿಸಿಯಾದ್ರೆ ಜಾರುತ್ತೆ" ಅಂದರು. ಆಮೇಲೆ ನಂಬರ್ ಪ್ಲೇಟು ನೋಡಿ, ಯಾರ ಹತ್ತಿರ ತಗೊಂಡಿದ್ದು ಅಂತ ಕೇಳಿದರು; ನನ್ನ ಅಣ್ಣನ ಹತ್ತಿರ ಅಂದೆ. "ಇದನ್ನ ಹೋದ ವರ್ಷ ನಾನೇ ನೋಡಿದ್ದೆ. ಗೇರ್‌ಬಾಕ್ಸೇ ಬದಲಿಸಬೇಕು ಅಂದೆ. ಆಯಿಲ್ ಹಾಕಿ ಕೊಡಿ ಸಾಕು, ಮಾರಿಬಿಡ್ತೀನಿ ಅಂದ್ರು. ತಂಗಿಗೇ ಅಂತ ನಂಗೇನು ಗೊತ್ತು?"

ನೀನು ಕಾರು ನೋಡಲು ಬೆಳಗ್ಗೆ ಆರಕ್ಕೇ ಬಾ ಅಂದದ್ದು ಯಾಕೆ, ಎರಡು ಬೀದಿ ಸುತ್ತಿಸಿ "ಸಾಕು, ನೋಡಿದ್ಯಲ್ಲ" ಅಂದದ್ದು ಯಾಕೆ, ಆಗ ಅರ್ಥವಾಯಿತು. ಎಷ್ಟು ನಾಜೂಕಾಗಿ ಮಾಡಿದೆಯೋ! ಹೊರಗಿನವನಾಗಿದ್ದರೆ ಹಿಡಿಶಾಪ ಹಾಕಿ ಮರೆಯುತ್ತಿದ್ದೆ.

ಕಾರು ಮಾರಲು ಇಟ್ಟಿದ್ದೆ; ಮೊನ್ನೆ ಒಬ್ಬ ಗುಮಾಸ್ತ ಕೇಳಿಕೊಂಡು ಬಂದ. ಜತೆಗೆ ತುಂಬು ಗರ್ಭಿಣಿ ಹೆಂಡತಿ. ಎಂಜಿನ್ ತಣ್ಣಗಿತ್ತು, ನಾನು ಬಾಯಿ ಬಿಡದಿದ್ದರೆ ಮಾರಿಹೋಗುತ್ತಿತ್ತು. ಗೇರ್‌ಬಾಕ್ಸ್ ಹೋಗಿದೆ ಅಂದೆ. ತಲೆ ಕೆಟ್ಟವಳನ್ನು ನೋಡುವ ಹಾಗೆ ನೋಡಿ ಹೋದರು. ಕಾರು ಗುಜರಿ ಸೇರಿತು. ಈಗ ಗಂಟು ಹೊತ್ತು ಬಸ್ಸಿಗೆ ಕಾಯುತ್ತೇನೆ.

ಅತ್ತಿಗೆಯನ್ನು ಕೇಳಿದೆ ಅಂತ ಹೇಳು. ನಿನ್ನ ಮಗಳಿಗೆ ನನ್ನ ಆಶೀರ್ವಾದ, ನೂರು ಕಾಲ ಬಾಳಲಿ. ಡ್ರೈವಿಂಗ್ ಕಲಿಯುತ್ತಿದ್ದಾಳಂತೆ. ಅವಳಿಗಾದರೂ ಒಳ್ಳೆಯ ಗಾಡಿ ಕೊಡಿಸು.

ಇಂತಿ,
ನಿನ್ನ ತಂಗಿ

ಇನ್ನೊಂದು ಮಾತು: ಮೇಸ್ತ್ರಿ ಹೇಳಿದ್ದನ್ನು ಮನೆಗೆ ಬಂದು ಅಮ್ಮನಿಗೂ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಅವನು ಮಾರೋವಾಗಲೇ ನನ್ನ ಹತ್ರ ಹೇಳಿದ್ದ ಕಣೇ. ಅವಳು ಇಲ್ಲೇ ಹತ್ತಿರ ಓಡಾಡ್ತಾಳೆ, ಏನೂ ಆಗಲ್ಲ ಅಂದ" ಅಂದಳು. ನಿನ್ನ ಕೈಯಲ್ಲಿದ್ದಾಗ ಅದೇ ಕಾರಿನಲ್ಲಿ ಊರೆಲ್ಲ ಸುತ್ತಿದವಳು, ನಾನು ತಂದಮೇಲೆ ಎಷ್ಟು ಕರೆದರೂ ತಲೆ ಸುತ್ತುತ್ತೆ ಅನ್ನುತ್ತಿದ್ದಳು. ಎಂಟು ತಿಂಗಳಲ್ಲಿ ಒಂದು ದಿನವೂ ಹತ್ತಲಿಲ್ಲ.