ಏಳನೇ ಬೋಗಿಯ ನರ್ಸ್ ಹಾಜರಿದ್ದರು

ಪ್ರೀತಿಯ ಅತ್ತೆ,

ಮೊದಲೇ ಹೇಳಿಬಿಡುತ್ತೇನೆ, ಯಾರೂ ಸತ್ತಿಲ್ಲ. ನಿನ್ನೆ ಸಂಜೆ ನಾನು ಫೋನಿನಲ್ಲಿ ಕೂಗಿದ್ದೇ ಕೂಗಿದ್ದು, ನೀನು ಆ ಕಡೆಯಿಂದ "ಯಾರು ಹೋದ್ರು? ಅಣ್ಣನಾ?" ಎಂದು ಕೇಳಿದ್ದೇ ಕೇಳಿದ್ದು. ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. "ಇನ್ನೂ ಇದ್ದೀನಿ ಅಂತ ಹೇಳೋ ಅವಳಿಗೆ" ಎಂದ. ಅದನ್ನೂ ಕೂಗಿದೆ. ನೀನು "ಆಯ್ತಪ್ಪ, ಹೊರಟು ಬರ್ತೀನಿ, ನೀವು ಧೈರ್ಯವಾಗಿರಿ" ಎಂದು ಫೋನ್ ಇಟ್ಟುಬಿಟ್ಟೆ. ದಯವಿಟ್ಟು ಹೊರಡಬೇಡ. ನಾವೇ ಬರುತ್ತಿದ್ದೇವೆ.

ಸಮಾಚಾರ ಇಷ್ಟು. ನಿನ್ನ ಸೇವಾ ದಾಖಲೆಯನ್ನು ತಿದ್ದುತ್ತಿದ್ದಾರೆ. ಶೌರ್ಯ ಪದಕ ನಿನ್ನದು ಎಂದು ಅದರಲ್ಲಿ ಬರೆಯುತ್ತಾರೆ. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಬಿಲ್ಲೆಯೂ ನಿನ್ನದೇ. ನಿನ್ನೆ ಮಧ್ಯಾಹ್ನ ಮೇಲ್ಮನವಿ ಮಂಡಳಿಯ ಮೂವರೂ ಸಹಿ ಹಾಕಿದರು. ಹಾಕುವುದನ್ನು ನಾನು ಕಣ್ಣಾರೆ ನೋಡಿದೆ.

ಮದುವೆಮನೆಯಲ್ಲೂ ಗಡಿಯಾರ ನೋಡುತ್ತ ಕೂರುವವನು ಎಂದು ನನ್ನನ್ನು ಹಂಗಿಸುತ್ತಿದ್ದವಳು ನೀನು. ಅಂಥವನು ಆ ಕಚೇರಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಇಳಿದೆ. ಕೆಳಗೆ ನಿಂತಿದ್ದ ಕಾವಲುಗಾರ "ಸಾರ್, ಮೆಲ್ಲಗೆ, ಬೀಳ್ತೀರಾ" ಎಂದ. ನಾನು ಅವನ ಕೈ ಕುಲುಕಿದೆ. ಯಾಕೆ ಎಂದು ಅವನಿಗೂ ಗೊತ್ತಾಗಲಿಲ್ಲ, ನನಗೂ. ಸಂತೋಷವನ್ನು ಇಷ್ಟು ಹತ್ತಿರದಿಂದ ನೋಡಿ ಅಭ್ಯಾಸವಿಲ್ಲದವನು ನಾನು. ಅದು ಬಂದಾಗ ಎಲ್ಲಿ ಕೂರಿಸಬೇಕು ಎಂದೇ ತೋಚುವುದಿಲ್ಲ.

ನಿನಗೆ ಗೊತ್ತಿರುವುದನ್ನೇ ಈಗ ನಿನಗೆ ಹೇಳಹೊರಟಿದ್ದೇನೆ, ಬೈಯಬೇಡ. ಮೂರು ವರ್ಷದಿಂದ ಅದು ನಿನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ನೀನಿದ್ದೀಯ.

ನಿನ್ನದು ಹನ್ನೊಂದು ಬೋಗಿಯ ಆಸ್ಪತ್ರೆ ರೈಲು. ಕಾಳಗ ನಡೆಯುವ ಕಡೆಯ ಕೊನೆಯ ನಿಲ್ದಾಣದ ತನಕ ಖಾಲಿ ಹೋಗುವುದು, ಗಾಯಾಳುಗಳನ್ನು ತುಂಬಿಕೊಂಡು ಬರುವುದು. ಗಾಯಾಳುಗಳ ಒಂದೊಂದು ಬೋಗಿಗೆ ಒಬ್ಬೊಬ್ಬ ನರ್ಸ್. ಆ ರೈಲಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಬೋಗಿಯ ಅಂಕೆಯೇ ಹೆಸರು. "ನಾಲ್ಕರ ಹತ್ರ ಬಿಸಿನೀರು ಇದೆಯಂತೆ, ಎರಡಕ್ಕೆ ತಲೆನೋವಂತೆ" ಎಂದು ನೀವು ಮಾತಾಡಿಕೊಳ್ಳುತ್ತಿದ್ದುದನ್ನು ನೀನು ಅಭಿನಯಿಸಿ ತೋರಿಸುತ್ತಿದ್ದೆ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನೀನು ಏಳನೇ ಬೋಗಿ.

ಒಂದು ಮಧ್ಯಾಹ್ನ, ಗಾಯಾಳುಗಳನ್ನು ಕರೆತರುವಾಗ, ವಿಮಾನಗಳು ಬಂದವು. ನಿನ್ನ ಬೋಗಿಯ ಒಂದು ತುದಿಗೆ ಬೆಂಕಿ ಹತ್ತಿತು, ಬಾಗಿಲು ಬಿಗಿದುಕೊಂಡಿತು. ಒಳಗೆ ಮೂರು ಅಂತಸ್ತಿನಲ್ಲಿ ತೂಗುಹಾಕಿದ ಸ್ಟ್ರೆಚರುಗಳು. ಹೊಗೆ ಮೇಲಕ್ಕೇರುತ್ತದೆ ಎಂದು ನೀನು ಮೇಲಿನವರನ್ನು ಮೊದಲು ಇಳಿಸಿ ಕಿಟಕಿಯಿಂದ ದಾಟಿಸಿದೆ. ಕೆಳಗೆ ಮಲಗಿದ್ದ ಒಬ್ಬ, "ಅಕ್ಕಾ, ಕಿಟಕಿ ಪಕ್ಕ ಇರೋನು ನಾನು, ನನ್ನ ಬಿಟ್ಟು ಅವನನ್ನ್ಯಾಕೆ ಎಳೀತೀಯ?" ಎಂದು ಬಾಯಿಗೆ ಬಂದಂತೆ ಬೈದ. "ಬೈಯೋಷ್ಟು ಉಸಿರಿದೆಯಲ್ಲ ನಿಂಗೆ, ಇನ್ನೊಂಚೂರು ಬೈತಾ ಇರು, ಬರ್ತೀನಿ" ಎಂದೆ ನೀನು. ಅವನು ಬೈಯುತ್ತಲೇ ಬದುಕಿದ. ನಿನ್ನ ಎಡಗೈಗೆ ಲೋಹದ ಚೂರು ಹೊಕ್ಕಿತ್ತು. ಡಾಕ್ಟರು ಒಬ್ಬರೇ, ಅವರ ಕೈ ತುಂಬಾ ಕೆಲಸ. ನಿನ್ನ ಕೈಗೆ ನೀನೇ ಪಟ್ಟಿ ಕಟ್ಟಿಕೊಂಡೆ. ಆಮೇಲೆ ಆ ಡಾಕ್ಟರು "ಮೇಲಕ್ಕೆ ಬರೆದಿದ್ದೀನಮ್ಮ, ಪದಕ ಬರುತ್ತೆ" ಎಂದರು. ಬರಲಿಲ್ಲ. ನೀನು ಕೇಳಲೂ ಇಲ್ಲ.

ಮೂರು ವರ್ಷದ ಹಿಂದೆ ನೀನು ಬರೆದು ಕೇಳಿದೆ. "ಈಗ್ಯಾಕೆ ಅತ್ತೆ?" ಎಂದರೆ, "ಒಂದು ಸಲ ಕೈಯಲ್ಲಿ ಹಿಡಿದು ನೋಡೋಣ ಅಂತ, ಭಾರ ಎಷ್ಟಿರುತ್ತೆ ಅಂತ" ಎಂದು ನಕ್ಕಿದ್ದೆ. ಉತ್ತರ ಬಂತು. ಡಾಕ್ಟರ ಶಿಫಾರಸು ಇದೆ, ಆದರೆ ಅದು ಐದನೇ ಬೋಗಿಯ ನರ್ಸ್ ಕುರಿತದ್ದು. ರೈಲು ಹೊರಟಾಗ ಬರೆದ ಹಾಜರಿಯಲ್ಲಿ ನೀನು ಏಳನೇ ಬೋಗಿ. ಐದನೆಯವಳು ಆ ವಾರ ಜ್ವರ ಎಂದು ರಜೆಯಲ್ಲಿದ್ದಳು, ಅವಳ ಬೋಗಿಯನ್ನು ಅಕ್ಕಪಕ್ಕದವರು ನೋಡಿಕೊಂಡಿದ್ದರು. ಆದ್ದರಿಂದ ಶಿಫಾರಸಿನಲ್ಲಿರುವ ನರ್ಸ್ ಆ ದಿನ ಆ ಬೋಗಿಯಲ್ಲಿ ಇರಲೇ ಇಲ್ಲ. ಗಾಯಾಳುಗಳ ಪಟ್ಟಿಯಲ್ಲೂ ನೀನಿಲ್ಲ.

ಅಪ್ಪ ಅದನ್ನು ಓದಿ ಕನ್ನಡಕ ಮಡಚಿಟ್ಟು, "ಎಷ್ಟು ವರ್ಷ ಆಯ್ತು, ತಂಗೀ. ಯಾರದೋ ಕತೆ ಕೇಳಿ ಕೇಳಿ ನಿಂದೇ ಅನ್ನಿಸಿಬಿಟ್ಟಿರುತ್ತೆ. ಬಿಡು" ಎಂದ. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ನೀನು ಜಗಳವಾಡುತ್ತೀಯ ಎಂದು ನಾವೆಲ್ಲ ಕಾದೆವು. ಆಡಲಿಲ್ಲ. ಅದರ ಮುಂದಿನ ಬೇಸಿಗೆಯಲ್ಲಿ ನನ್ನ ಮಗಳು ನಿನ್ನ ಮಂಚದ ಮೇಲೆ ಕೂತು, ಬೆಂಕಿ ರೈಲಿನ ಕತೆ ಹೇಳಜ್ಜಿ ಎಂದು ಪೀಡಿಸಿದಾಗ ನೀನು ನಿಧಾನಕ್ಕೆ, "ಅದು ನಾನಲ್ಲಮ್ಮ, ಬೇರೆ ಯಾರೋ ಇರಬೇಕು" ಎಂದೆ. ನಾನು ಬಾಗಿಲಲ್ಲಿ ನಿಂತಿದ್ದೆ. ಪದಕ ಬರದಿದ್ದರೆ ಹೋಗಲಿ ಎಂದುಕೊಳ್ಳಬಹುದಿತ್ತು. ಆದರೆ ಅವರು ನಿನ್ನ ಬಾಳಿನಿಂದ ಒಂದು ಮಧ್ಯಾಹ್ನವನ್ನೇ ಕಿತ್ತುಕೊಂಡಿದ್ದರು, ನೀನು ಅದನ್ನು ತೆಗೆದುಕೊಳ್ಳಿ ಎಂದು ಕೊಟ್ಟುಬಿಟ್ಟಿದ್ದೆ. ಮೇಲ್ಮನವಿಗೆ ಸಹಿ ಕೇಳಿದಾಗ ನೀನು ಓದಲಿಲ್ಲ. "ನಿಂಗೆ ಬೇರೆ ಕೆಲಸ ಇಲ್ಲ" ಎಂದು ಗೀಚಿಕೊಟ್ಟೆ.

ನಿನ್ನೆ ವಿಚಾರಣೆ ಇತ್ತು. ಬೆಳಿಗ್ಗೆ ರೈಲು ಹತ್ತಿದಾಗ ನನ್ನ ಬಳಿ ಹೇಳಲು ಹೊಸದೇನೂ ಇರಲಿಲ್ಲ. ನಡುವೆ ಒಂದು ನಿಲ್ದಾಣ, ಅಲ್ಲಿಗೆ ಹಳಿ ಮುಗಿಯುತ್ತದೆ. ಇಂಜಿನ್ನು ಬಿಚ್ಚಿ ಹಿಂದಿನ ತುದಿಗೆ ತಂದು ಜೋಡಿಸುತ್ತಾರೆ, ರೈಲು ಬಂದ ದಿಕ್ಕಿಗೇ ಸ್ವಲ್ಪ ದೂರ ಹೋಗಿ ಬೇರೆ ಹಾದಿ ಹಿಡಿಯುತ್ತದೆ. ಕಾಫಿ ಕುಡಿಯಲು ಇಳಿದಿದ್ದ ಗಂಡ ಹೆಂಡತಿ ನಮ್ಮ ಬೋಗಿಗೆ ನುಗ್ಗಿದರು. ಅವರ ಜಾಗ ಎನ್ನುವಲ್ಲಿ ನಾನು ಕೂತಿದ್ದೆ.

"ಇಂಜಿನ್ನಿಂದ ಮೂರನೇದು ಅಂದ್ರಿ! ಇಲ್ಲಿ ಯಾರೋ ಕೂತಿದಾರೆ, ನಮ್ಮ ಚೀಲಾನೂ ಇಲ್ಲ."

"ಇಳಿಯೋವಾಗ ಮೂರನೇದೇ ಇತ್ತು ಕಣೇ, ಎಣಿಸಿಕೊಂಡೇ ಇಳಿದಿದ್ದೆ."

"ಹಂಗಾದ್ರೆ ನಾವು ಒಂದು ಲೋಟ ಕಾಫಿ ಕುಡಿಯೋ ಹೊತ್ತಿಗೆ ರೈಲು ಲಾಗ ಹಾಕ್ತಾ?"

ಬೋಗಿಯೆಲ್ಲ ನಕ್ಕಿತು. ನಾನು ಎದ್ದು ನಿಂತುಬಿಟ್ಟಿದ್ದೆ. ಅತ್ತೆ, ರೈಲು ಲಾಗ ಹಾಕಿತ್ತು! ನಿನ್ನ ರೈಲೂ ಹಾಕುತ್ತಿತ್ತು! ನಿಮ್ಮದೂ ಹಳಿ ಮುಗಿಯುವ ನಿಲ್ದಾಣ. ಅಲ್ಲಿ ಇಂಜಿನ್ನು ಈ ತುದಿಯಿಂದ ಆ ತುದಿಗೆ ಹೋಗದೆ ವಾಪಸು ಬರುವುದು ಹೇಗೆ? ಬೆರಳು ಮಡಚಿ ಎಣಿಸಿದೆ. ಹನ್ನೊಂದರಲ್ಲಿ ಒಂದು ಕಡೆಯಿಂದ ಏಳನೆಯದು, ಇನ್ನೊಂದು ಕಡೆಯಿಂದ ಐದನೆಯದು. ಮತ್ತೆ ಎಣಿಸಿದೆ. ಎದುರು ಕೂತಿದ್ದ ಮುದುಕರು "ಏನಾದ್ರೂ ಕಳ್ಕೊಂಡ್ರಾ?" ಎಂದರು. "ಇಲ್ಲ, ಸಿಕ್ತು" ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

ಮಂಡಳಿಯಲ್ಲಿ ಮೂವರು. ನಡುವೆ ನಿವೃತ್ತ ಸೇನಾಧಿಕಾರಿಣಿ, ಬಿಳಿ ಕೂದಲು, ನೆಟ್ಟಗೆ ಕೂತವರು. ಎಡಕ್ಕೆ ಕಾನೂನು ನೋಡುವವರು. ಬಲಕ್ಕೆ ಹಳೆಯ ಕಡತಗಳ ಅಧಿಕಾರಿ, ಅವರಿಗೆ ಭಾರಿ ನೆಗಡಿ. ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ ಎನ್ನಿಸಿ, ಅವರ ಮೇಜಿನ ಮೇಲಿದ್ದ ರಬ್ಬರ್ ಸ್ಟಾಂಪುಗಳನ್ನೆಲ್ಲ ಸಾಲಾಗಿ ಜೋಡಿಸಿದೆ. ಸಾಲದ್ದಕ್ಕೆ ಗೋಂದಿನ ಬಾಟಲಿ, ಪಿನ್ನಿನ ಡಬ್ಬಿ. ಇಂಜಿನ್ನು ಎಂದು ನೀರಿನ ಜಗ್ಗು.

"ಇದು ಮಕ್ಕಳ ಆಟದ ಜಾಗ ಅಲ್ರೀ" ಎಂದರು ಕಾನೂನಿನವರು.

"ಆಡಲಿ ಬಿಡಿ" ಎಂದರು ಅಧಿಕಾರಿಣಿ. "ನೀವು ಸ್ವಲ್ಪ ಆ ಜಗ್ಗು ಎತ್ತಿ ಈ ತುದಿಗೆ ಇಡಿ."

ಕಾನೂನಿನವರು ಎತ್ತಿಟ್ಟರು. ನೆಗಡಿಯವರು ಬಗ್ಗಿ ಬೆರಳಿಟ್ಟು ಎಣಿಸಿದರು. "ಒಂದು, ಎರಡು... ಅರೆ!" ಎಂದವರೇ ಸೀನಿದರು, ಸ್ಟಾಂಪು ಒಂದು ಉರುಳಿತು. ನಾನು ಹೇಳುತ್ತ ಹೋದೆ. ನರ್ಸುಗಳು ಬೋಗಿಯ ಒಳಗಿದ್ದವರು, ಹೊರಡುವಾಗ ಸಿಕ್ಕಿದ ಅಂಕೆ ಅವರಿಗೆ ಕೊನೆಯ ತನಕ. ಡಾಕ್ಟರು ಆ ಕೊನೆಯ ನಿಲ್ದಾಣದಲ್ಲಿ ಹೊರಗೆ ನಿಂತು ಗಾಯಾಳುಗಳನ್ನು ಹತ್ತಿಸುವವರು, ಅವರು ಎದುರಿಗಿದ್ದ ಇಂಜಿನ್ನಿನಿಂದ ಎಣಿಸಿದ್ದಾರೆ. ಇಬ್ಬರೂ ಹೇಳುತ್ತಿರುವುದು ಒಂದೇ ಬೋಗಿಯನ್ನು.

"ಜಾಣತನ ಸರಿ" ಎಂದರು ಕಾನೂನಿನವರು. "ಹಾಗೆ ಎಣಿಸ್ತಿದ್ರು ಅನ್ನೋದಕ್ಕೆ ಏನಿದೆ?"

ನನ್ನ ಬಳಿ ಏನೂ ಇರಲಿಲ್ಲ. ಮುಗಿಯಿತು ಎಂದುಕೊಂಡೆ. ಅಧಿಕಾರಿಣಿ ಸ್ಟಾಂಪುಗಳ ಸಾಲನ್ನೇ ನೋಡುತ್ತ, "ಹೋಗೋವಾಗ, ಬರೋವಾಗ, ಎರಡು ಕಡೆಯೂ ಅಂಕೆ ಹಾಕಿರೋ ಬೇರೆ ಬೋಗಿ ಯಾವುದಾದ್ರೂ ಇದೆಯಾ?" ಎಂದರು.

ನೆಗಡಿಯವರು ಕಡತ ತಿರುವಿದರು. ಮೂಗು ಒರೆಸಿಕೊಂಡರು. ಇನ್ನೂ ತಿರುವಿದರು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಅಡುಗೆ ಬೋಗಿ! ದಿನಸಿ ಇಳಿಸಿದ ಲೆಕ್ಕ ನೋಡಿ. ಹೋಗೋವಾಗ ಮೂರನೇದು, ಬರೋವಾಗ ಒಂಬತ್ತನೇದು. ಮುಂದಿನ ಸಲ ಮತ್ತೆ ಮೂರು, ಮತ್ತೆ ಒಂಬತ್ತು. ಬರೆದವನು ನಿದ್ದೆಗಣ್ಣಲ್ಲಿ ಬರೆದಿದಾನೆ ಅಂತ ಅಂದ್ಕೊಂಡಿದ್ದೆ ಕಣ್ರೀ ನಾನು!"

ಕಾನೂನಿನವರೇ ಎಣಿಸಿದರು, ಈ ಕಡೆಯಿಂದ ಮೂರನೆಯ ಸ್ಟಾಂಪು ಆ ಕಡೆಯಿಂದ ಒಂಬತ್ತನೆಯದು. ನಾಲ್ಕು ಜನ ವಯಸ್ಸಾದವರು ಒಂದು ಮೇಜನ್ನು ಸುತ್ತುವರಿದು, ಜಗ್ಗನ್ನು ಅತ್ತಿಂದಿತ್ತ ಇತ್ತಿಂದತ್ತ ಇಟ್ಟು, ಒಬ್ಬರ ಮೇಲೊಬ್ಬರು ಬಿದ್ದು ಎಣಿಸುತ್ತಿದ್ದೆವು. ನೀನು ನೋಡಬೇಕಿತ್ತು. ಗಾಯದ ಮಾತು ಎತ್ತಿದವರೂ ಕಾನೂನಿನವರೇ. "ಆ ಪಟ್ಟಿಯಲ್ಲಿರೋದು ರೈಲಿಗೆ ಹತ್ತಿಸಿಕೊಂಡವರ ಹೆಸರು. ನರ್ಸನ್ನು ಯಾರ್ರೀ ಹತ್ತಿಸಿಕೊಳ್ತಾರೆ? ಅವರು ಮೊದಲೇ ಒಳಗಿದ್ರಲ್ಲ" ಎಂದರು. ಡಾಕ್ಟರು 'ಸ್ವತಃ ಗಾಯಗೊಂಡಿದ್ದರೂ' ಎಂದು ಬರೆದಿದ್ದ ಸಾಲಿನ ಕೆಳಗೆ ತಮ್ಮ ಪೆನ್ನಿನಿಂದ ಗೆರೆ ಎಳೆದರು.

ಆದೇಶವನ್ನು ಅಧಿಕಾರಿಣಿ ಗಟ್ಟಿಯಾಗಿ ಓದಿಸಿದರು. ಅದರಲ್ಲಿ ಒಂದು ವಾಕ್ಯ: 'ಏಳನೇ ಬೋಗಿಯ ನರ್ಸ್ ಅಂದು ತಮ್ಮ ಬೋಗಿಯಲ್ಲಿ ಹಾಜರಿದ್ದರು.' ವಾಕ್ಯಗಳನ್ನು ತಿರುಗಿಸಿ ಮುರುಗಿಸಿ ಬರೆಯುವುದೇ ಬದುಕು ಎಂದುಕೊಂಡವನು ನಾನು. ಇಷ್ಟು ಬೋಳಾದ ಒಂದು ಸಾಲಿಗೆ ಕಣ್ಣು ತುಂಬಿಕೊಂಡಿದ್ದು ಇದೇ ಮೊದಲು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ "ಅವಳು ಹೇಳಿದ್ದೇ ಸರಿ ಹಾಗಾದ್ರೆ" ಎಂದ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಗಡ್ಡ ಕೆರೆದುಕೊಂಡು, ಚೀಲ ತುಂಬಿಸಿ, ಚಪ್ಪಲಿ ಮೆಟ್ಟಿಕೊಂಡು ಕೂತಿದ್ದಾನೆ. ಹೊರಡುವುದು ಬುಧವಾರ ಎಂದರೆ ಕೇಳುವುದಿಲ್ಲ. ಬಂದಾಗ ಅವನನ್ನು ಹೊಸಿಲಲ್ಲೇ ನಿಲ್ಲಿಸಿಕೊಂಡು ಒಂದಿಷ್ಟು ಬೈದುಬಿಡು. ಅದಕ್ಕೇ ಬರುತ್ತಿದ್ದಾನೆ.

ಈಗ ನಿನ್ನ ಕೆಲಸ. ಡಾಕ್ಟರ ಶಿಫಾರಸು ಬರೀ ಎರಡು ಸಾಲು. ಬೋಗಿಯೊಳಗೆ ನಡೆದದ್ದು ನಿನ್ನ ಮಾತಿನಲ್ಲೇ ದಾಖಲೆಗೆ ಸೇರಬೇಕು ಎಂದು ಅಧಿಕಾರಿಣಿ ಹೇಳಿದ್ದಾರೆ. ಗುರುವಾರ ತಾವೇ ಬರುತ್ತಾರೆ, ನಿನ್ನ ಎದುರು ಕೂತು ಬರೆದುಕೊಳ್ಳುತ್ತಾರೆ. ಹೊರಡುವಾಗ ನನ್ನನ್ನು ತಡೆದು, "ಅವರಿಗೆ ಈಗಲೂ ನೆನಪಿದೆಯಾ?" ಎಂದು ಕೇಳಿದರು. ಯಾವುದಕ್ಕೂ ಖಚಿತವಾಗಿ ಹೂಂ ಅನ್ನದ ನಾನು, ನಿನ್ನನ್ನು ಕೇಳದೆ, "ಇದೆ" ಎಂದುಬಿಟ್ಟಿದ್ದೇನೆ.

ಇದೆಯಲ್ಲವೇ? ಎಲ್ಲೋ ಒಂದು ಕಡೆ ತಪ್ಪಿದರೆ ತಪ್ಪಲಿ, ಹಿಂದುಮುಂದಾದರೆ ಆಗಲಿ. ಅಲ್ಲಿದ್ದವರಿಗಷ್ಟೇ ಮರೆಯುವ ಹಕ್ಕು. ನನ್ನ ಮಗಳೂ ಬರುತ್ತಾಳೆ, ನಿನ್ನ ಮಂಚದ ಮೇಲೆ ಕೂರುತ್ತಾಳೆ. ಈ ಸಲ ಕೇಳಿದರೆ ಬೇರೆ ಯಾರೋ ಎನ್ನಬೇಡ. ನಾನು ಎಂದು ಶುರುಮಾಡು.

ಹಿರಿಯಳಿಗೆ ಹರಸುವ ಅಧಿಕಾರ ನನಗಿಲ್ಲ. ಆದರೂ ಗುರುವಾರದವರೆಗೆ ನೆಗಡಿ ಕೆಮ್ಮು ನಿನ್ನ ಹತ್ತಿರ ಸುಳಿಯದಿರಲಿ, ನಿನ್ನ ದನಿ ಹಿಂದಿನಂತೆ ಪಕ್ಕದ ಬೀದಿಗೂ ಕೇಳಿಸಲಿ.

ನಿನ್ನ ಅಣ್ಣನ ಮಗ