ಕಾಯಿಲೆಯವರ ಪಟ್ಟಿ

ಜೂನ್ 2, ಭಾನುವಾರ

ಆರಾಧನೆ ಮುಗಿಯಿತು. ಪ್ರಸಂಗ ಇಪ್ಪತ್ತೆರಡು ನಿಮಿಷ, ಹೆಚ್ಚಿಲ್ಲ, ಕಡಿಮೆಯಿಲ್ಲ. ಕಾಯಿಲೆಯವರ ಪಟ್ಟಿ ಎಂದಿನಂತೆ ಓದಿದೆ. ಹದಿನಾಲ್ಕು ಹೆಸರು, ಎಲ್ಲೂ ತಡವರಿಸಲಿಲ್ಲ. ಹೆಂಡತಿ ಬರಲಿಲ್ಲ. ಬೆನ್ನುನೋವಂತೆ. ಡಾಕ್ಟರ ಹತ್ತಿರ ಹೋಗು ಅಂದರೆ ನಾಳೆ, ನಾಳೆ…

ಜೂನ್ 9, ಭಾನುವಾರ, ಮಧ್ಯಾಹ್ನ

ಊಟ ಸೇರಲಿಲ್ಲ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಎಲ್ಲರ ಕೈಕುಲುಕುತ್ತ ನಿಂತಿದ್ದೆ. ಗಡಿಯಾರ ರಿಪೇರಿಯವರ ಹೆಂಡತಿ ಎಲ್ಲರಿಗಿಂತ ಕೊನೆಗೆ ಬಂದರು.

"ಪಾಸ್ಟರ್, ನಮ್ಮ ಯಜಮಾನರಿಗೆ ಬೇಗ ಗುಣ ಆಗ್ಲಿ ಅಂತ ಇವತ್ತೂ ಪ್ರಾರ್ಥನೆ ಮಾಡಿದ್ರಿ."

"ಹೌದಮ್ಮ, ಮಾಡ್ತಾನೇ ಇರ್ತೀವಿ" — ಅಂದೇಬಿಟ್ಟೆ!

"ಅವರು ಹೋಗಿ ಒಂಬತ್ತು ವಾರ ಆಯ್ತು."

ಅವರನ್ನು ಮಣ್ಣು ಮಾಡಿಸಿದವನು ನಾನೇ. ಮೊದಲ ಹಿಡಿ ಮಣ್ಣು ಹಾಕಿದ್ದೂ ಇದೇ ಕೈ. ಮುಂದಿನ ಭಾನುವಾರದಿಂದಲೇ ಮತ್ತೆ ಪಟ್ಟಿಯ ಅದೇ ಹಳೇ ಪ್ರಿಂಟು, ಅದೇ ಹೆಸರು, ಗುಣವಾಗಲಿ. ಇಡೀ ಸಭೆ ಆಮೆನ್ ಅಂದಿದೆ. ಒಬ್ಬರ ಕಿವಿಗೂ ಬಿದ್ದಿಲ್ಲ. ನಾಚಿಕೆಯಿಂದ ಭೂಮಿಗಿಳಿದುಹೋದೆ.

"ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?"

"ನಿಮಗೇ ನೆನಪಾಗುತ್ತೆ ಅಂತ ಕಾದೆ."

ಜೂನ್ 12, ಬುಧವಾರ

ಅಧ್ಯಯನ ಕೂಟ. ವಿಷಯ ಆತ್ಮಪರೀಕ್ಷೆ. ಹಿಂದೆಯೇ ಗೊತ್ತುಮಾಡಿದ್ದು, ತಪ್ಪಿಸಿಕೊಳ್ಳಲಾಗಲಿಲ್ಲ. ತತ್ವಶಾಸ್ತ್ರದ ಹಳೇ ನೋಟ್ಸ್ ತೆಗೆದು ಒಂದು ಗಂಟೆ ಕೊರೆದೆ. ಪಟ್ಟಿಯ ಒಂದು ಹಾಳೆಯನ್ನೂ ಪರೀಕ್ಷಿಸಲಾಗದವನು!

ದೇವರಿದ್ದಾನೆಯೇ ಎಂಬ ಅನುಮಾನ ಓದುವ ಕಾಲದಲ್ಲೇ ಬಂದಿತ್ತು. ಗುದ್ದಾಡಿ ಗೆದ್ದಿದ್ದೆ. ಇದು ಬೇರೆ. ಅವನಿದ್ದಾನೆ. ಅವನ ಮುಂದೆ ನಾನಿರಲಿಲ್ಲ, ನನ್ನ ನಾಲಿಗೆ ಇತ್ತು. ಪಾಸ್ಟರಾಗಿ ಕಳೆದ ಇಪ್ಪತ್ತಾರು ವರ್ಷದಲ್ಲಿ ಒಂದು ಪ್ರಾರ್ಥನೆಯನ್ನಾದರೂ ನಿಜವಾಗಿ ಮಾಡಿದ್ದೇನೆಯೇ? ಗೊತ್ತಿಲ್ಲ. ಭಯವಾಗುತ್ತಿದೆ.

ಜುಲೈ 5, ಶುಕ್ರವಾರ

ಬರೆಯಲಾಗಿರಲಿಲ್ಲ. ಸ್ಕ್ಯಾನ್, ಬಯಾಪ್ಸಿ, ಮತ್ತೆ ಸ್ಕ್ಯಾನ್. ಹೆಂಡತಿಯದು ಬರೀ ಬೆನ್ನುನೋವಲ್ಲ. ಕ್ಯಾನ್ಸರ್. ಮೂಳೆಗೂ ಹಬ್ಬಿದೆ ಎಂದರು ಡಾಕ್ಟರು, ಫೈಲ್ ನೋಡುತ್ತ. ಇವಳ ಮುಖ ನೋಡಲಿಲ್ಲ. ಸಿಟ್ಟು ಬಂತು, ಬಯ್ಯಲು ಬಾಯಿ ಬರಲಿಲ್ಲ. ನಾನೂ ಅದೇ ಪೈಕಿ.

ಜುಲೈ 6, ಶನಿವಾರ, ಸಂಜೆ

ನಾಳೆಯ ಪಟ್ಟಿ. ಪ್ರಿಂಟು ನಿಲ್ಲಿಸಿದ್ದೇನೆ, ಕೈಯಲ್ಲೇ ಬರೆಯುತ್ತೇನೆ. ಒಂದು ಹೆಸರು, ಆ ಮುಖ, ಆಮೇಲೆ ಇನ್ನೊಂದು. ಹದಿಮೂರಾಯಿತು. ಹದಿನಾಲ್ಕಕ್ಕೆ ಪೆನ್ನು ನಿಂತಿತು. ಅವಳು ಮಂಚದಿಂದಲೇ ನೋಡುತ್ತಿದ್ದಳು.

"ನನ್ನ ಹೆಸರು ಬರೀಬೇಡಿ."

"ಯಾಕೆ? ಸಭೆಯವರೆಲ್ಲ ವಿಚಾರಿಸ್ತಿದಾರೆ ಕಣೆ."

"ಓದಿ ಓದಿ ನಿಮಗೆ ರೂಢಿ ಆಗ್ಬಿಡುತ್ತೆ. ಇಲ್ಲಿ ಬಂದು ಕೂತ್ಕೊಳ್ಳಿ. ದೇವರಿಗೆ ಅದೇನ್ ಹೇಳ್ಬೇಕೋ ಇಲ್ಲೇ ಹೇಳಿ, ನಾನೂ ಕೇಳ್ತೀನಿ."

ಕೂತೆ. ಕೈ ಹಿಡಿದೆ. ಬಾಯಿಪಾಠವಾಗಿದ್ದ ಒಂದು ಮಾತೂ ಬರಲಿಲ್ಲ. ನೀರು ತರುತ್ತೇನೆಂದು ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ. ಹೇಡಿ. "ಬಂದ್ರಾ?" ಅಂತಿದ್ದಾಳೆ.

ಬಂದೆ ಕಣೆ. ತಂದೆಯೇ, ಇವಳನ್ನು —